ಟ್ಯಾಂಕಿನ ಮೇಲಿನ ಬೊಟ್ಟು

ಗುಡುಗುಡು ಎನ್ನುತ್ತಾ ಓಡುತ್ತಿದ್ದ ಬೈಕು ಇದ್ದಕ್ಕಿದ್ದಂತೆ ಸುಮ್ಮನಾಯಿತು. ಹಾಗೇ ಉರುಳುತ್ತಾ ಹೋಗಿ ಒಂದು ಹುಣಸೆಮರದ ಕೆಳಗೆ ನಿಂತುಕೊಂಡಿತು.

"ಇಳಿಯೇ ಚಲುವಿ, ತಿರ್ಗಾ ನಿಂತೋಯ್ತು" ಎಂದಳು ಲಲಿತತ್ತೆ.

ಇದು ಎರಡನೆಯ ಸಲ. ತೊಣ್ಣೂರು ಬಿಟ್ಟು ಸ್ವಲ್ಪ ಹೊತ್ತಿಗೇ ಒಮ್ಮೆ ಹೀಗೇ ಕೈಕೊಟ್ಟಿತ್ತು. ಆಗ ಅತ್ತೆ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ್ದಳು. ಪೆಟ್ರೋಲು ಬೇಕಾದಷ್ಟಿತ್ತು. ಮುಚ್ಚಳ ಹಾಕಿ ಕಿಕ್ ಹೊಡೆದರೆ, ತನಗೇನೂ ಆಗೇ ಇಲ್ಲ ಎನ್ನುವ ಹಾಗೆ ಬೈಕು ಹೊರಟಿತ್ತು. ಈಗ ಜಕ್ಕನಹಳ್ಳಿ ದಾಟಿದ್ದೇ ತಡ, ಮತ್ತೆ ಅದೇ ಹಠ.

ನಾಗಮಂಗಲದಲ್ಲಿ ಇವತ್ತು ಚಲುವಿಯ ಚಿಕ್ಕಪ್ಪನ ಮಗುವಿಗೆ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಇದೇ ಲಲಿತತ್ತೆ. ಅಪ್ಪ ಮಾಡಿದ ತೊಟ್ಟಿಲನ್ನು ಗೂಡ್ಸ್ ಆಟೋಗೆ ಏರಿಸಿಕೊಂಡು ಮನೆಯವರೆಲ್ಲ ಬೆಳಗ್ಗೆಯೇ ಹೋಗಿದ್ದರು. ನಿನ್ನೆ ಆಯುಧಪೂಜೆಗೆ ಇಟ್ಟಿದ್ದ ಉಳಿ, ಗರಗಸಗಳಿಗೆ ಮಂಗಳಾರತಿ ಮಾಡಿ ಬರಲು ಇವರಿಬ್ಬರು ಉಳಿದುಕೊಂಡಿದ್ದರು. ಮುಹೂರ್ತ ಹನ್ನೆರಡು ಗಂಟೆಯವರೆಗೆ. ಈಗಾಗಲೇ ಹನ್ನೊಂದಾಗಿತ್ತು.

ಅತ್ತೆಯ ಫೋನು ಬಡಿದುಕೊಂಡಿತು. ಆ ಕಡೆ ಅತ್ತೆಯ ಅವ್ವ, ವೆಂಕಟಮ್ಮಜ್ಜಿ.

"ಎಲ್ಲಿದ್ದೀಯೆ ಲಲಿತಾ? ನೀನಿಲ್ದೆ ಮಗೀಗೆ ಎಸ್ರು ಇಡೋರ್ಯಾರು? ಪುರೋಯಿತ್ರು ಗಡಿಯಾರನೇ ನೋಡ್ತಾವ್ರೆ."

"ಬಂದೆ ಕಣವ್ವ" ಎಂದು ಅತ್ತೆ ಫೋನಿಟ್ಟಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಕಂಡು ಚಲುವಿಗೂ ಅಳು ಬರುವಂತಾಯಿತು.

ಅಷ್ಟರಲ್ಲಿ ಮೊಪೆಡ್ಡಿನ ಮೇಲೆ ಎಳನೀರಿನ ಗೊನೆ ಹೇರಿಕೊಂಡು ಎದುರಿಂದ ಒಬ್ಬ ಮುದುಕ ಬಂದ. ಬೋರಯ್ಯ ಅಂತ ಅವನ ಹೆಸರು. ಯಾರೂ ಕೇಳದಿದ್ದರೂ ತಾನೇ ಹೇಳಿಕೊಂಡ.

"ಪ್ಲಗ್ಗಿಗೆ ಮಸಿ ಇಡ್ಕಂಡಿರ್ತದೆ. ಬಿಚ್ಚಿ ಉಜ್ಜವ್ವ."

"ಸ್ಪ್ಯಾನರ್ ಇಲ್ಲ ಮಾವ. ಪೂಜೆಗೆ ಇಟ್ಟಿದ್ದೀವಿ. ಸಂಜೆಗಂಟ ಕದಲಿಸಂಗಿಲ್ಲ."

"ಗಾಡಿ ರೋಡ್ನಾಗೆ, ಸ್ಪ್ಯಾನರ್ ದೇವರ ಮುಂದೆ" ಎಂದು ಬೋರಯ್ಯ ನಕ್ಕ. "ಗ್ಯಾರೇಜ್ನೋರೂ ಅಂಗೇ ಬಾಳೆಕಂದು ಕಟ್ಟಿ ಬಾಗ್ಲಾಕವ್ರೆ. ಟ್ಯಾಂಕಿಗೆ ನೀರೇನಾರ ಸೇರೈತಾ, ನೋಡು ಮತ್ತೆ."

ಅತ್ತೆ ಕೀ ತಿರುಗಿಸಿ ಮುಚ್ಚಳ ಎತ್ತಿದಳು. 'ಸುಸ್ಸ್' ಎಂದು ಸಣ್ಣ ಸದ್ದಾಯಿತು. ನೀರು ಕಾಣಲಿಲ್ಲ. ಮುಚ್ಚಳ ಹಾಕಿ ಕಿಕ್ ಹೊಡೆದಳು. ಬೈಕು ಗುಡುಗುಟ್ಟಿತು.

"ನಂದೇ ಕೈಗುಣ" ಎಂದು ಬೋರಯ್ಯ ಬೀಗುತ್ತಾ ಹೊರಟುಹೋದ.

ಆದರೆ ಚಲುವಿ ಹತ್ತಲಿಲ್ಲ. ಆ ಸದ್ದು ಅವಳ ತಲೆಯೊಳಗೆ ಸಿಕ್ಕಿಹಾಕಿಕೊಂಡಿತ್ತು. ಆಗಲೂ ಮುಚ್ಚಳ ತೆಗೆದ ಮೇಲೇ ಬೈಕು ಎದ್ದಿತ್ತು. ಈಗಲೂ ಅಷ್ಟೇ. ಬೇರೇನನ್ನೂ ಅತ್ತೆ ಮುಟ್ಟಿರಲಿಲ್ಲ.

ಅವಳಿಗೆ ಅಜ್ಜಿಯ ಎಣ್ಣೆ ಡಬ್ಬ ನೆನಪಾಯಿತು. ಒಮ್ಮೆ ಚಲುವಿ ಅದಕ್ಕೆ ಮೊಳೆಯಿಂದ ಒಂದೇ ತೂತು ಹೊಡೆದಿದ್ದಳು. ಎಣ್ಣೆ ಗುಳುಕ್ ಗುಳುಕ್ ಎಂದು ಬಿದ್ದು ನಿಂತೇಹೋಗಿತ್ತು. ಅಜ್ಜಿ ಆ ಪಕ್ಕಕ್ಕೆ ಇನ್ನೊಂದು ತೂತು ಹೊಡೆದು, "ಎಣ್ಣೆ ಈಚೆಗ್ ಬರ್ಬೇಕಂದ್ರೆ ಗಾಳಿ ಒಳಕ್ ಓಗ್ಬೇಕು ಕಣವ್ವ" ಎಂದಿದ್ದಳು.

ಹಾಗಾದರೆ ಪೆಟ್ರೋಲು ಇಳಿಯಲು ಟ್ಯಾಂಕಿನ ಒಳಗೆ ಗಾಳಿ ಹೋಗುವುದು ಎಲ್ಲಿಂದ?

ಚಲುವಿ ಮುಚ್ಚಳ ನೋಡಿದಳು. ಅಲ್ಲಿ ತಾನೇ ಇಟ್ಟ ಬೊಟ್ಟು ಕಂಡಿತು.

ನಿನ್ನೆ ಅಪ್ಪ, "ಈ ಸಲ ಬೈಕಿನ ಪೂಜೆ ಪೂರ್ತಿ ನಿಂದೇ" ಎಂದಿದ್ದರು. ಚಲುವಿ ಹಿಗ್ಗಿಹೋಗಿದ್ದಳು. ಮುಚ್ಚಳದ ಮೇಲೊಂದು ಪುಟ್ಟ ತೂತಿತ್ತು. ಅದು ಚೆನ್ನಾಗಿ ಕಾಣುವುದಿಲ್ಲ ಎಂದು ಸರಿಯಾಗಿ ಅದರ ಮೇಲೇ ಗಂಧವನ್ನು ದಪ್ಪಗೆ ಮೆತ್ತಿ, ಮೇಲೆ ಕುಂಕುಮ ಇಟ್ಟಿದ್ದಳು. ಈಗ ಗಂಧ ಒಣಗಿ ಗೋಡೆಯ ಗಾರೆಯಂತೆ ಗಟ್ಟಿಯಾಗಿತ್ತು.

ಹೇಳಿದರೆ ತಪ್ಪು ತನ್ನ ತಲೆಗೇ ಬರುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬೈಕು ಮತ್ತೆ ನಿಲ್ಲುತ್ತದೆ, ಅತ್ತೆಯ ಕಣ್ಣು ಮತ್ತೆ ತುಂಬುತ್ತದೆ.

"ಹತ್ತೇ ಚಲುವಿ, ಟೈಮಾಯ್ತದೆ!" ಎಂದಳು ಅತ್ತೆ.

"ಅತ್ತೆ, ಒಂದು ಪಿನ್ನು ಕೊಡು" ಎಂದಳು ಚಲುವಿ. "ಬೈಕ್ ನಿಲ್ಸಿದ್ದು ನಾನೇ. ಗಾಳಿ ಓಗೋ ತೂತಿಗೆ ನಾನೇ ಬೊಟ್ಟು ಇಟ್ಬುಟ್ಟಿವ್ನಿ."

ಅತ್ತೆ ಅವಳನ್ನೂ ಮುಚ್ಚಳವನ್ನೂ ಎರಡೆರಡು ಸಲ ನೋಡಿದಳು. ಬೈಯಲಿಲ್ಲ. ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು.

ಚಲುವಿ ಗಂಧವನ್ನು ಉಗುರಿನಿಂದ ಕೆರೆದಳು, ಪಿನ್ನಿನಿಂದ ತೂತನ್ನು ಮೆಲ್ಲಗೆ ಚುಚ್ಚಿದಳು. ಪುಡಿ ಉದುರಿತು. ಬಾಯಿಟ್ಟು ಉಫ್ ಎಂದು ಊದಿದಳು. ಮೂಗಿನ ತುದಿಗೆಲ್ಲ ಕುಂಕುಮ ಮೆತ್ತಿಕೊಂಡಿತು.

ಬೈಕು ಹೊರಟಿತು. ಚಲುವಿ ಉಸಿರು ಬಿಗಿಹಿಡಿದು ಕೂತಳು. ಒಂದು ಊರು ಹೋಯಿತು, ಎರಡು ಊರು ಹೋದವು. ತೆಂಗಿನ ತೋಟಗಳು ಸರಸರ ಹಿಂದಕ್ಕೆ ಸರಿದವು. ದಿಣ್ಣೆಯನ್ನೂ ಬೈಕು ತಕರಾರಿಲ್ಲದೆ ಹತ್ತಿತು.

"ನಿಲ್ಲಾಕಿಲ್ಲ ಕಣತ್ತೆ, ಇನ್ನು ನಿಲ್ಲಾಕಿಲ್ಲ" ಎಂದು ಚಲುವಿ ಗಾಳಿಯಲ್ಲಿ ಕೂಗಿದಳು. ಖುಷಿಗೆ ಅತ್ತೆ ಊರು ಬರುವವರೆಗೂ ಹಾರ್ನ್ ಹೊಡೆದದ್ದೇ ಹೊಡೆದದ್ದು.

ನಾಗಮಂಗಲದ ಮನೆಯ ಮುಂದೆ ಇಳಿದಾಗ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು.

"ಏನಾಗಿತ್ತು?" ಎಂದು ಅಪ್ಪ ಓಡಿಬಂದರು. ಅತ್ತೆ ಚಲುವಿಯ ಕಡೆ ನೋಡಿದಳು. ಚಲುವಿ ಎಲ್ಲವನ್ನೂ ತಾನೇ ಹೇಳಿದಳು.

ಅಪ್ಪ ತಲೆ ಕೆರೆದುಕೊಂಡರು. "ಅಲ್ಲ ಕಣವ್ವ, ಆರು ವರ್ಷದಿಂದ ಆ ಬೈಕ್ ಓಡಿಸ್ತಿವ್ನಿ. ಅಲ್ಲೊಂದು ತೂತೈತೆ ಅಂತ ನಂಗೇ ಗೊತ್ತಿರ್ಲಿಲ್ಲ."

ಎಲ್ಲರೂ ನಕ್ಕರು. ಅಜ್ಜಿ ಕುಂಕುಮದ ತಟ್ಟೆ ಚಾಚಿದಳು. "ಬಾ, ತೊಟ್ಲಿಗೂ ನೀನೇ ಬೊಟ್ಟಿಡು."

ಚಲುವಿ ಬೆರಳು ಅದ್ದಿದಳು. ತೊಟ್ಟಿಲ ಹತ್ತಿರ ಹೋದವಳು ಹಾಗೇ ನಿಂತಳು. ಇನ್ನೊಂದು ಕೈಯಿಂದ ಮರವನ್ನು ನಿಧಾನವಾಗಿ ಸವರಿದಳು. ಸರಪಳಿಯ ಕೊಂಡಿ ಆಡುವ ತೂತು ಬೆರಳಿಗೆ ಸಿಕ್ಕಿತು. ಅದರಿಂದ ಒಂದು ಗೇಣು ಆಚೆಗೆ ಬೊಟ್ಟು ಇಟ್ಟಳು.

ಲಲಿತತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಅಜ್ಜಿ ತೊಟ್ಟಿಲು ತೂಗಿದಳು. ಅದು ಎಲ್ಲೂ ಸಿಕ್ಕಿಕೊಳ್ಳದೆ ಹಗುರವಾಗಿ ಆಡಿತು.