ನಿಂಬೆವ್ವ ಬಣ್ಣ ಒರೆಸಿದ್ದು

ಬೆಟ್ಟಗುಡ್ಡಗಳಿಗೆ ಇನ್ನೂ ಬಾಯಿದ್ದ ಕಾಲ. ಆಗ ಹೊನ್ನಸೀಮೆ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಹಗಲುವೇಷದವರದೊಂದು ಮನೆ. ಅಣ್ಣ ಜಂಬಣ್ಣ ವೇಷ ಹಾಕುವವನು. ಇವತ್ತು ರಾಜ, ನಾಳೆ ಜೋಗಿ, ನಾಡಿದ್ದು ಹುಲಿ. ತಂಗಿ ನಿಂಬೆವ್ವ ಬಣ್ಣ ಒರೆಸುವವಳು. ಬಣ್ಣ ಬಳಿಯಲು ಯಾರಾದರೂ ಸಿಕ್ಕಾರು, ಒರೆಸಲು ಕೈಗೆ ಹದ ಬೇಕು. ಅವಳು ಕೊಬ್ಬರಿ ಎಣ್ಣೆ ಸವರಿ, ಮೆತ್ತನೆಯ ಬಟ್ಟೆಯಿಂದ ಹಣೆಯಿಂದ ಗದ್ದದವರೆಗೆ ಒರೆಸಿದರೆ ಎಂಥ ರಾಜನೂ ಜಂಬಣ್ಣನೇ ಆಗಿಬಿಡುತ್ತಿದ್ದ. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮುಖದ ಮೇಲೆ ಬಣ್ಣವಿರುವಾಗ ಅನ್ನ ಮುಟ್ಟಬಾರದು. ಬಣ್ಣ ಹೋಗಬೇಕು, ಒಮ್ಮೆ ನಗಬೇಕು, ಆಮೇಲೆ ಊಟ.

ಅದೇ ಸೀಮೆಯ ಕರಿಗುಡ್ಡದ ಮೇಲೆ ಅಂಟುರಾಯ ಎಂಬ ಮಾಂತ್ರಿಕನ ಕೋಟೆ. ಅವನು ಒಂದು ದಿನ ಹೊಗೆ ಊದಿದ. ಹೊಗೆ ತಾಕಿದ ಗಳಿಗೆಯಲ್ಲಿ ಯಾರು ಏನಾಗಿದ್ದರೋ ಅದೇ ಅವರಿಗೆ ಅಂಟಿಕೊಂಡಿತು. ನ್ಯಾಯ ಹೇಳಲು ಹುಬ್ಬು ಗಂಟಿಕ್ಕಿ ಕೂತಿದ್ದ ದೊರೆ, ತನ್ನ ಮಗಳನ್ನು ಎತ್ತಿಕೊಂಡಾಗಲೂ ಹುಬ್ಬು ಬಿಡಿಸಲಾರದೆ ಹೋದ. ಸೊಸೆಯನ್ನು ಗದರುತ್ತಿದ್ದ ಅತ್ತೆ ಗೋಡೆಯನ್ನೂ ಗದರತೊಡಗಿದಳು. ಊರಿಗೆ ಊರೇ ಬಿಗಿದುಕೊಂಡು ಕೂತಿತು.

ಜಂಬಣ್ಣನಿಗೆ ಅವತ್ತು ಹುಲಿವೇಷ. ಕುಣಿದು ಕುಣಿದು ಹಸಿವು ತಡೆಯಲಾಗಲಿಲ್ಲ. ತಂಗಿ ಎಣ್ಣೆ ತರುವಷ್ಟರಲ್ಲಿ, ಒಂದೇ ತುತ್ತು ತಾನೆ ಎಂದು ಬಣ್ಣದ ಮುಖದಲ್ಲೇ ರೊಟ್ಟಿ ಮುರಿದು ಬಾಯಿಗಿಟ್ಟ. ಅಷ್ಟೇ! ಹೊಗೆ ಒಳಗೆ ಹೊಕ್ಕಿತು, ಬಾಲಕ್ಕೆ ಜೀವ ಬಂತು, ಜಂಬಣ್ಣ ನಿಜವಾದ ಹುಲಿಯಾಗಿ ನಿಂತ.

ಅಂಟುರಾಯನ ಮಾಟ ಹೀಗೆ ಒಳಹೊಕ್ಕರೆ, ಮೂರನೆಯ ದಿನ ಹೊತ್ತು ಮುಳುಗಿದ ಮೇಲೆ ಒಳಗಿನವನಿಗೂ ತಾನು ಯಾರೆಂಬುದು ಮರೆತುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ನಿಂಬೆವ್ವ ಅಳುತ್ತ ಕೂರಲಿಲ್ಲ. ಸೆರಗು ಬಿಗಿದು, ಹುಲಿಯ ಬೆನ್ನ ಮೇಲೆ ಕೈಯಿಟ್ಟು, "ನಡಿಯಣ್ಣ, ಆ ಅಂಟುರಾಯನ್ನ ಮಾತಾಡಿಸ್ಕೊಂಡು ಬರೂಣು" ಎಂದು ಹೊರಟಳು.

ಮೂರನೆಯ ದಿನ ಕೋಟೆ ಸಿಕ್ಕಿತು. ಮೊದಲ ಬಾಗಿಲಲ್ಲಿ ಕಬ್ಬಿಣದ ಕೊಕ್ಕಿನ ಕಾಗೆ. ಸುತ್ತ ಕಲ್ಲಾಗಿ ನಿಂತ ವೀರರು.

"ನಿನ್ನ ಹೆಸರು ಕೊಡು. ಕೊಟ್ಟಮ್ಯಾಲೆ 'ಅಯ್ಯೋ, ನಾನೇ ಹೋದೆ' ಅಂದ್ರ ನೀನೂ ಕಲ್ಲು" ಎಂದಿತು ಕಾಗೆ.

"ತಗೋ."

ಕಾಗೆ ಹೆಸರನ್ನು ಗುಳುಂ ಮಾಡಿತು. ಅವಳು ನಾಲಗೆಯನ್ನು ಎಷ್ಟು ತಡಕಿದರೂ ಹೆಸರಿಲ್ಲ. ಆಮೇಲೆ ನಕ್ಕಳು. "ಹೆಸರಿಡೂಕ್ಕಿಂತ ಮೊದ್ಲ ತೊಟ್ಟಿಲದಾಗ ಕೈಕಾಲು ಬಡದು ಅತ್ತಾಕಿ ನಾನೇ ಅಲ್ಲೇನು? ಆಕಿ ಇಲ್ಲೇ ಅದಾಳ." ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಬಿಳಿಯ ಹಾವು. ಅದು ಹರೆಯ ಕೇಳಿತು, ಚೆಲುವು ಕೇಳಿತು. ಕೊಟ್ಟಳು. ಬೆನ್ನು ಬಾಗಿತು, ಹಲ್ಲು ಉದುರಿತು, ಕೂದಲು ಬೆಳ್ಳಗಾಯಿತು. ಅವಳು ಕೈ ತಿರುಗಿಸಿ ಸುಕ್ಕು ನೋಡಿಕೊಂಡಳು. "ಲಂಗ ಹಾಕ್ಕೊಂಡಾಗ ನೋಡ್ತಿದ್ದಾಕೀನೂ ನಾನೇ, ಸೀರಿ ಉಟ್ಟಾಗ ನೋಡ್ತಿದ್ದಾಕೀನೂ ನಾನೇ. ನೋಡಾಕಿಗೇನು ಸುಕ್ಕು ಬಿದ್ದಿಲ್ಲ" ಎಂದು ಬೊಚ್ಚುಬಾಯಲ್ಲಿ ನಕ್ಕಳು. ಬಾಗಿಲು ತೆರೆಯಿತು.

ಮೂರನೆಯ ಬಾಗಿಲಲ್ಲಿ ಆನೆ. ಅದು ಕೇಳಿದ್ದು ನೆನಪನ್ನು. ಇಲ್ಲಿ ಮಾತ್ರ ಅವಳು ತಡೆದು ನಿಂತಳು. ನೆನಪು ಕೊಟ್ಟರೆ ಅಣ್ಣನೂ ಹೋದ, ಬಂದ ಕೆಲಸವೂ ಹೋಯಿತು! ಪಡುವಣ ದಿಕ್ಕಿನಲ್ಲಿ ಹೊತ್ತು ಜಾರುತ್ತಿತ್ತು. ಹುಲಿ ಅವಳ ಅಂಗೈಯನ್ನು ಒಮ್ಮೆ ನೆಕ್ಕಿತು. "ಆಗಿದ್ದಾಗ್ಲಿ" ಎಂದು ಅವಳು ಕಣ್ಣು ಮುಚ್ಚಿದಳು. ಆನೆ ಸೊಂಡಿಲಿನಿಂದ ನೆನಪನ್ನೆಲ್ಲ ಹೀರಿಕೊಂಡಿತು.

ಈಗ ಅವಳಿಗೆ ಊರಿಲ್ಲ, ಮನೆಯಿಲ್ಲ, ಅಣ್ಣನಿಲ್ಲ. ಆದರೂ ಗಾಳಿ ತಂಪಾಗಿದೆ ಎಂದು ತಿಳಿಯುತ್ತಿತ್ತು. ಆಕಾಶ ಕೆಂಪಾಗಿದೆ ಎಂದು ತಿಳಿಯುತ್ತಿತ್ತು. ಆ ತಿಳಿವಿಗೆ ಆಚೆ ಈಚೆ ಯಾವ ಬೇಲಿಯೂ ಕಾಣಲಿಲ್ಲ. ಯಾಕೆಂದು ಗೊತ್ತಿಲ್ಲದೆಯೇ ಅವಳಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಬಾಗಿಲು ತೆರೆಯಿತು.

ಅಷ್ಟರಲ್ಲಿ ಹೊತ್ತು ಮುಳುಗಿತು. ಹುಲಿಯೂ ಎಲ್ಲವನ್ನೂ ಮರೆತು, ಗರ್ಜಿಸಿ ಮುದುಕಿಯ ಮೇಲೆ ನೆಗೆಯಿತು.

ಅವಳಿಗೆ ಅದು ಅಣ್ಣನೆಂದು ಗೊತ್ತಿರಲಿಲ್ಲ. ಆದರೆ ಆ ಹಳದಿ ಕಣ್ಣಿನೊಳಗಿಂದ ಇಣುಕುತ್ತಿದ್ದುದು ಬೇರೆ ಯಾರೋ ಎಂದು ಅನ್ನಿಸಲೇ ಇಲ್ಲ. ತನಗೆ ತಾನು ಹೆದರುವುದುಂಟೆ? "ಅಯ್ಯ, ಎಷ್ಟು ಬೆವತಿ!" ಎಂದವಳೇ, ತನ್ನ ಹಣೆಯನ್ನು ತಾನೇ ಒರೆಸಿಕೊಂಡಷ್ಟು ಸಹಜವಾಗಿ ಸೆರಗು ತೆಗೆದು ಅದರ ಮುಖ ಒರೆಸಿದಳು. ಸೆರಗಿಗೆ ಹಳದಿ ಹತ್ತಿತು, ಕಪ್ಪು ಹತ್ತಿತು. ಪಂಜಾ ಕೈಯಾಯಿತು. ಜಂಬಣ್ಣ ಬಿಕ್ಕುತ್ತ ಅವಳ ಕಾಲ ಬಳಿ ಕುಸಿದ.

"ತಂಗೀ! ನಾನು, ನಿನ್ನಣ್ಣ!"

"ನೀ ಯಾರೋ ಗೊತ್ತಿಲ್ಲಪ್ಪ. ಆದ್ರ ಭಾಳ ನಮ್ಮಾಂವ ಅನ್ನಸ್ತಿ ನೋಡು" ಎಂದು ಅವಳು ಅವನ ತಲೆ ಸವರಿದಳು.

ಇದನ್ನೆಲ್ಲ ಮಾಳಿಗೆಯಿಂದ ನೋಡುತ್ತಿದ್ದ ಅಂಟುರಾಯ ದಡದಡನೆ ಇಳಿದು ಬಂದ. ಬಂದವನೇ ಅವಳ ಮುಂದೆ ನಿಂತು ಹೇಳಿದ.

"ನೂರು ವರ್ಷ ಆತು, ನಾ ಈ ಮಾಂತ್ರಿಕನ ಮುಖ ತೆಗದಿಲ್ಲ. ತೆಗದ್ರ ಒಳಗ ಏನೂ ಇರ್ಲಿಕ್ಕಿಲ್ಲ ಅಂತ ಅಂಜಿಕಿ. ನನ್ನಂಗ ಎಲ್ಲಾರೂ ಅಂಟಿಕೊಂಡಿರ್ಲಿ ಅಂತ ಹೊಗಿ ಊದಿದೆ."

"ನನ್ನ ನೋಡೋ ಯಜಮಾನ" ಎಂದಳು ಅವಳು. "ಹೆಸರು ಹೋತು, ಹರೆ ಹೋತು, ನೆನಪು ಹೋತು. ಏನರ ಕಡಿಮಿ ಆಗೇತೇನು? ಬಾ, ಕುಂದ್ರು."

ಮಾಂತ್ರಿಕ ಮಗುವಿನಂತೆ ಮುಖ ಒಡ್ಡಿ ಕೂತ. ಅವಳು ಒರೆಸಿದಳು. ಹುಬ್ಬಿನ ಸಿಟ್ಟು ಹೋಯಿತು, ತುಟಿಯ ಕಹಿ ಹೋಯಿತು, ನೂರು ವರ್ಷದ ಹೆದರಿಕೆ ಕೊನೆಗೆ ಹೋಯಿತು. ಅವನು ಮೆಲ್ಲಗೆ ಕಣ್ಣು ಬಿಟ್ಟು ಅವಳನ್ನು ನೋಡಿದ, ಜಂಬಣ್ಣನನ್ನು ನೋಡಿದ. "ಅರೆ, ಎಲ್ಲಾ ಕಡೀನೂ ನಾನೇ ಕುಂತೀನಲ್ಲೋ!" ಎಂದು ಹೊಟ್ಟೆ ಹಿಡಿದು ನಕ್ಕ. ಆ ನಗೆಗೆ ಕೋಟೆ ಗೋಡೆ ಉಪ್ಪಿನಂತೆ ಕರಗಿತು.

ಕಾಗೆ ಹೆಸರನ್ನು ಉಗುಳಿತು, ಹಾವು ಹರೆಯವನ್ನು ಬಿಟ್ಟಿತು, ಆನೆ ನೆನಪನ್ನು ಚಿಮ್ಮಿಸಿತು. ನಿಂಬೆವ್ವ ಅಣ್ಣನ ಗುರುತು ಹಿಡಿದು ಅವನ ಕುತ್ತಿಗೆಗೆ ಜೋತುಬಿದ್ದು ಗೊಳೋ ಎಂದು ಅತ್ತಳು, ಅಳುತ್ತಲೇ ನಕ್ಕಳು. ಕಲ್ಲಾದ ವೀರರು ಮೈಮುರಿದು ಎದ್ದರು. ಅತ್ತ ಅರಮನೆಯಲ್ಲಿ ದೊರೆಯ ಹುಬ್ಬು ಬಿಚ್ಚಿಕೊಂಡಿತು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ಅಂಗಳವಿಡೀ ಓಡಿದ.

ಆಮೇಲೂ ಹೊನ್ನಸೀಮೆಯಲ್ಲಿ ದೊರೆ ದೊರೆಯೇ, ಅತ್ತೆ ಅತ್ತೆಯೇ. ಆದರೆ ಯಾರೂ ಬಿಗಿದುಕೊಂಡು ಕೂರುತ್ತಿರಲಿಲ್ಲ. ಅಂಟುರಾಯ ಊರ ಬಾಗಿಲಲ್ಲಿ ಒಂದು ಅರವಟ್ಟಿಗೆ ಇಟ್ಟು, ದಾರಿಹೋಕರಿಗೆ ಮಜ್ಜಿಗೆ ಹೊಯ್ಯುತ್ತ ಇದ್ದುಬಿಟ್ಟ. ಆ ಊರಿಗೆ ಹೊಸಬರು ಬಂದರೆ ನೀವು ಯಾರು ಎಂದು ಕೇಳುವ ಮೊದಲೇ ಚಾಪೆ ಹಾಸುತ್ತಿದ್ದರು. ಎಷ್ಟೋ ಸಲ ಮಾತಿನ ಭರದಲ್ಲಿ ಕೇಳುವುದೇ ಮರೆತುಹೋಗುತ್ತಿತ್ತು, ಬಂದವರು ವರ್ಷಗಟ್ಟಲೆ ಅಲ್ಲೇ ಸುಖವಾಗಿ ಇದ್ದುಬಿಡುತ್ತಿದ್ದರು.