ಮೂರನೇ ತೋಳು

ಟೈಲರ್ ಆಗಿರುವ ನಮ್ಮಣ್ಣ ಒಬ್ಬ ಗಿರಾಕಿಯ ಶರ್ಟಿಗೆ ಎರಡನೇ ಸಲವೂ ಮೂರು ತೋಳು ಕೂರಿಸಿದ್ದು ನೋಡಿ ನನಗೆ ತಲೆ ಕೆಟ್ಟುಹೋಯಿತು. ಕತ್ತರಿ ಇಟ್ಟ ಜಾಗವಿರಲಿ, ಈಚೆಗೆ ಅಂಗಡಿಯ ದಾರಿಯನ್ನೇ ಮರೆಯುತ್ತಿದ್ದ. ಡಾಕ್ಟರ ಹತ್ತಿರ ಹೋಗೋಣವೆಂದರೆ ಹಾರಾಡುತ್ತಿದ್ದ.

"ಅಣ್ಣಾ, ಮನುಷ್ಯನಿಗೆ ಎಷ್ಟು ಕೈ?" ಎಂದು ಕೂಗಿದೆ.

"ಅಳತೆ ತಗೊಂಡೋನು ನಾನಾ, ನೀನಾ? ಅವನಿಗೆ ಮೂರಿತ್ತು ಕಣೋ. ಮೂರನೇದು ಮುಟ್ಟಿದ್ರೆ ತಣ್ಣಗಿತ್ತು."

ಕೊನೆಗೆ ಎಳೆದುಕೊಂಡೇ ಹೋದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಮರೆವಿನ ಕಾಯಿಲೆ ಶುರುವಾಗಿರಬಹುದು. ಬೇಗ ಕರ್ಕೊಂಡು ಬಂದದ್ದು ಒಳ್ಳೇದಾಯ್ತು," ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಅವರಿಗೆ ತೋರಿಸಲೆಂದು ಚೀಲದಿಂದ ಶರ್ಟು ತೆಗೆದೆ. ಹಿಂದಿನ ದಿನವಷ್ಟೇ ಹೊಲಿದದ್ದು, ಇನ್ನೂ ಗುಂಡಿ ಕೂಡ ಹಾಕಿರಲಿಲ್ಲ. ಎರಡು ತೋಳು ಗರಿಗರಿಯಾಗಿದ್ದವು. ಮೂರನೆಯದರ ಕಫ್ ಮಾತ್ರ ಮಾಸಿ, ಅಂಚು ಸವೆದಿತ್ತು; ಒಳಗೆ ಕೈ ಹಾಕಿದರೆ ತಣ್ಣಗಿತ್ತು.