ಬೀಳ್ಕೊಡದೆ ಉಳಿದವರು

ಹೆಂಡತಿ ಟೀನಾ ತೀರಿಹೋದ ಮೇಲೆ ನನಗೆ ಹಸುಗಳ ಜೊತೆಗೂ ಮಾತು ಬೇಡವಾಗಿತ್ತು. ಡಾಕ್ಟರು ಖಿನ್ನತೆ ಎಂದರು. ನಮ್ಮ ಚರ್ಚಿನಲ್ಲಿ ಮನಸ್ಸಿನ ಚಿಕಿತ್ಸೆ ಮಾಡುವ ವೆರ್ನಾ ಒಂದು ಮಧ್ಯಾಹ್ನ ನನ್ನನ್ನು ಅಲ್ಲಿನ ತನ್ನ ಕೋಣೆಯಲ್ಲಿ ಕೂರಿಸಿಕೊಂಡಳು.

"ಕಣ್ಣು ಮುಚ್ಚಿ ಅಂದೆ ಕಾರ್ನಿ ಅಂಕಲ್, ಗೊರಕೆ ಹೊಡೀರಿ ಅನ್ನಲಿಲ್ಲ! ನಿಮ್ಮ ಅಡುಗೆಮನೇಲಿದ್ದೀರಿ ಅಂದ್ಕೊಳ್ಳಿ. ಯೇಸುಸ್ವಾಮಿ ಬಾಗಿಲಿಗೆ ಬಂದಿದಾರೆ. ಒಳಗೆ ಕರೀರಿ."

ಕರೆದೆ. ಟೀನಾಳ ಕುರ್ಚಿ ಎಳೆದು ಕೊಟ್ಟೆ. ಬಂದವರು ಕುಳಿತಾಗ ಒದ್ದೆ ಉಣ್ಣೆಯ ವಾಸನೆ ಬಂತು. ಮುಖ ನೋಡಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಚರ್ಚಿನ ಅಂಗಳದ ಹಿಮ ಗೋರಲು ಬಂದ ಟ್ರ್ಯಾಕ್ಟರಿನವನು ಹಾರನ್ ಬಾರಿಸಿದ. ವೆರ್ನಾ ಅಡ್ಡ ನಿಲ್ಲಿಸಿದ್ದ ತನ್ನ ಕಾರು ತೆಗೆಯಲು ಓಡಿದಳು. ನಾನು ಕಣ್ಣು ಬಿಟ್ಟೆ.

ಮನೆಗೆ ಬಂದರೆ ಒಲೆ ಆರಿತ್ತು, ಕಿಟಕಿಯ ಒಳಗೂ ಹಿಮ ಕಟ್ಟಿತ್ತು. ಟೀನಾಳ ಕುರ್ಚಿ ಮಾತ್ರ ಬೆಚ್ಚಗಿತ್ತು. ಅದೇ ಒದ್ದೆ ಉಣ್ಣೆಯ ವಾಸನೆ.

ಮುಂದಿನ ವಾರ ವೆರ್ನಾ ಮತ್ತೆ ಕಣ್ಣು ಮುಚ್ಚಿಸಿದಳು.

"ಇದಾರಾ ಅಂಕಲ್?"

ಮನಸ್ಸಿನ ಆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಟೀನಾಳ ಕುರ್ಚಿಯೂ ಇರಲಿಲ್ಲ.

"ಇದಾರೆ" ಎಂದೆ.

"ಹಾಗಾದ್ರೆ ಬಾಗಿಲ ತನಕ ಹೋಗಿ ಕಳಿಸಿ ಬನ್ನಿ. ಹೋದ್ಸಲ ಅರ್ಧಕ್ಕೇ ಬಿಟ್ವಲ್ಲ."

ಕಳಿಸಿದೆ ಎಂದು ಸುಳ್ಳು ಹೇಳಿದೆ.

ಈಗ ದಿನಾ ಬೆಳಿಗ್ಗೆ ಎರಡು ಲೋಟ ಕಾಫಿ ಬಗ್ಗಿಸುತ್ತೇನೆ. ನನ್ನದು ಕುಡಿಯುವಷ್ಟರಲ್ಲೇ ಆರುತ್ತದೆ. ಆ ಕುರ್ಚಿಯ ಮುಂದಿಟ್ಟದ್ದು, ಸಂಜೆ ಹಾಲು ಕರೆದು ಬಂದು ನೋಡಿದರೂ ಹಬೆಯಾಡುತ್ತಿರುತ್ತದೆ.